ವರ್ಗದೊಳಗೆ ವರ್ಗ: ಜೋಡಿಸುವ ಪರದೆ ಹೇಗಿರಬೇಕು?

ಓದುಗರ ಪ್ರಶ್ನೆಗಳಿಗೆ ಉತ್ತರ: ಕಂಪ್ಯೂಟರ್ ವಿಭಾಗ

ಈ ತಿಂಗಳು ಕೊಡಗಿನಿಂದ ಬಂದ ಕೆಲವು ಪತ್ರಗಳು ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಕೇಳಿವೆ. ಸರಕುಗಳನ್ನೋ ಪುಸ್ತಕಗಳನ್ನೋ ವರ್ಗ, ಒಳವರ್ಗ, ಅದರೊಳಗೆ ಮತ್ತೊಂದು ವರ್ಗ ಎಂದು ಜೋಡಿಸಿಟ್ಟ ಮೇಲೆ, ಆ ಜೋಡಣೆಯನ್ನು ತಿದ್ದುವ ಪರದೆಯನ್ನು ಹೇಗೆ ರೂಪಿಸಬೇಕು ಎಂಬುದೇ ಆ ವಿಷಯ. ಮೊದಲ ಪತ್ರದಲ್ಲಿ ತೊಂದರೆಯ ವಿವರ ಚೆನ್ನಾಗಿ ಬಂದಿರುವುದರಿಂದ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ಬೆಳೆಗಾರರ ಸಂಘವೊಂದರ ತೋಟದ ಸಾಮಗ್ರಿ ಮಳಿಗೆಗೆ ನಾನು ದಾಸ್ತಾನು ತಂತ್ರಾಂಶ ಬರೆದುಕೊಡುತ್ತಿದ್ದೇನೆ. ಗೊಬ್ಬರ, ಔಷಧಿ, ಸುಣ್ಣ, ಕತ್ತಿ, ಪೈಪು, ಗೋಣಿಚೀಲ ಎಲ್ಲ ಸೇರಿ ನೂರಾರು ವರ್ಗಗಳಿದ್ದು, ಕೆಲವು ಕಡೆ ಆರು ಹಂತದವರೆಗೂ ಇಳಿಯುತ್ತವೆ. ಮರದ ಆಕಾರದ ಪಟ್ಟಿ ಮಾಡಿ, ಯಾವ ವರ್ಗವನ್ನಾದರೂ ಎಳೆದು ಬೇರೆಡೆ ಬಿಡುವಂತೆ ಮಾಡಿದ್ದೆ. ಮಳಿಗೆಯವರು ಅದನ್ನು ಫೋನಿನಲ್ಲಿ ಬಳಸುತ್ತಾರೆ. ಪಟ್ಟಿಯನ್ನು ಮೇಲೆ ಸರಿಸುವಾಗ ‘ಶಿಲೀಂಧ್ರನಾಶಕ’ ವರ್ಗವಿಡೀ ‘ಪಂಪಿನ ಬಿಡಿಭಾಗ’ದೊಳಗೆ ಹೋಗಿ ಸೇರಿಕೊಂಡಿತು, ಮುಂಗಾರಿಗೆ ಮೊದಲಿನ ಸಿಂಪರಣೆಯ ದಿನಗಳಲ್ಲೇ ಮೈಲುತುತ್ತ ಪಟ್ಟಿಯಲ್ಲಿ ಕಾಣದೆ, ಗೋದಾಮಿನಲ್ಲಿ ಮೂಟೆಗಳಿದ್ದರೂ ‘ದಾಸ್ತಾನಿಲ್ಲ’ ಎಂದು ಬೆಳೆಗಾರರನ್ನು ಹಿಂದಕ್ಕೆ ಕಳುಹಿಸಿದರು. ಈ ಪರದೆಯನ್ನು ಹೇಗೆ ತಿದ್ದಲಿ?
(ಓದುಗರೊಬ್ಬರು, ಗೋಣಿಕೊಪ್ಪಲು)

ಉತ್ತರ: ಮಳಿಗೆಯವರ ಬೆರಳನ್ನು ದೂರಿ ಪ್ರಯೋಜನವಿಲ್ಲ. ಒಂದೇ ಪರದೆಗೆ ನೀವು ಎರಡು ಕೆಲಸಗಳನ್ನು ಒಪ್ಪಿಸಿದ್ದೀರಿ. ವರ್ಗಗಳನ್ನು ನೋಡುತ್ತ ಸರಕು ಹುಡುಕುವುದು ದಿನಕ್ಕೆ ನೂರು ಬಾರಿ ನಡೆಯುವ ಕೆಲಸ. ವರ್ಗಗಳ ಜಾಗ ಬದಲಿಸುವುದು ತಿಂಗಳಿಗೊಮ್ಮೆ ನಡೆದರೆ ಹೆಚ್ಚು. ಅಪರೂಪದ, ಆದರೆ ಪರಿಣಾಮ ದೊಡ್ಡದಾದ ಕೆಲಸವನ್ನು ನಿತ್ಯದ ಕೆಲಸದ ಬೆರಳತುದಿಯಲ್ಲೇ ಇಟ್ಟರೆ ಇಂದಲ್ಲ ನಾಳೆ ಹೀಗಾಗಲೇಬೇಕು. ಆದ್ದರಿಂದ ಮೊದಲ ತಿದ್ದುಪಡಿ ಇದು: ಸಾಮಾನ್ಯ ಪರದೆಯಲ್ಲಿ ಮರವನ್ನು ತೆರೆಯಬಹುದು, ಮುಚ್ಚಬಹುದು, ಹುಡುಕಬಹುದು, ಅಷ್ಟೆ. ‘ವರ್ಗಗಳನ್ನು ತಿದ್ದು’ ಎಂಬ ಗುಂಡಿಯನ್ನು ಒತ್ತಿ ಬೇರೆ ಪರದೆಗೆ ಹೋದ ಮೇಲೆ ಮಾತ್ರ ಜಾಗ ಬದಲಿಸಲು ಸಾಧ್ಯವಾಗಲಿ, ಮತ್ತು ಆ ಅಧಿಕಾರ ಮಳಿಗೆಯ ಒಬ್ಬಿಬ್ಬರಿಗೆ ಮಾತ್ರ ಇರಲಿ.

ಎಳೆದು ಬಿಡುವ ಸೌಲಭ್ಯ ಪ್ರದರ್ಶನದ ದಿನ ಎಲ್ಲರ ಮೆಚ್ಚುಗೆ ಗಳಿಸುತ್ತದೆ. ಅದರ ನಂತರದ ದಿನಗಳ ಬಗ್ಗೆ ನನಗೆ ಅಷ್ಟು ಒಳ್ಳೆಯ ಅಭಿಪ್ರಾಯವಿಲ್ಲ. ಒಂದೇ ಸಾಲಿನ ಮೇಲ್ಭಾಗದಲ್ಲಿ ಬಿಟ್ಟರೆ ‘ಇದಕ್ಕಿಂತ ಮೊದಲು’, ನಡುವೆ ಬಿಟ್ಟರೆ ‘ಇದರ ಒಳಗೆ’, ಕೆಳಭಾಗದಲ್ಲಿ ಬಿಟ್ಟರೆ ‘ಇದರ ನಂತರ’ ಎಂದು ಇಂತಹ ಪಟ್ಟಿಗಳು ಸಾಮಾನ್ಯವಾಗಿ ಅರ್ಥ ಮಾಡಿಕೊಳ್ಳುತ್ತವೆ. ಸಾಲಿನ ಎತ್ತರ ಒಂದು ಬೆರಳಿನಷ್ಟೂ ಇಲ್ಲದಿರುವಾಗ, ಅದನ್ನು ಮೂರು ಪಾಲು ಮಾಡಿ ಒಂದೊಂದು ಪಾಲಿಗೂ ಬೇರೆ ಅರ್ಥ ಕೊಟ್ಟು, ಆ ಸಾಲನ್ನು ಬೆರಳೇ ಮರೆಮಾಡಿರುವಾಗ ಬಳಕೆದಾರರು ಸರಿಯಾದ ಪಾಲಿನಲ್ಲೇ ಬಿಡುತ್ತಾರೆಂದು ನಿರೀಕ್ಷಿಸುವುದು ನ್ಯಾಯವಲ್ಲ. ತಲುಪಬೇಕಾದ ವರ್ಗ ಪರದೆಯ ಆಚೆ ಎಲ್ಲೋ ಇದ್ದರಂತೂ ಹಿಡಿದುಕೊಂಡೇ ಪಟ್ಟಿಯನ್ನು ಸರಿಸಬೇಕು. ಕೈನಡುಕ ಇರುವವರಿಗೂ, ಮೌಸ್ ಬಿಟ್ಟು ಕೀಲಿಮಣೆಯನ್ನೇ ನೆಚ್ಚಿದವರಿಗೂ ಇದು ಸಾಧ್ಯವೇ ಆಗದಿರಬಹುದು. 2023ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಜಾಲ ಸುಗಮತೆಯ ಮಾರ್ಗಸೂಚಿ, ಅಂದರೆ ಡಬ್ಲ್ಯೂಸಿಎಜಿ 2.2, ತನ್ನ 2.5.7ನೆಯ ಮಾನದಂಡದಲ್ಲಿ ಇದನ್ನೇ ಹೇಳುತ್ತದೆ: ಎಳೆಯುವುದರಿಂದ ಆಗುವ ಕೆಲಸವನ್ನು, ಎಳೆಯುವುದೇ ಅದಕ್ಕೆ ಅನಿವಾರ್ಯವಲ್ಲದಿದ್ದರೆ, ಬರಿಯ ಒತ್ತುವಿಕೆಯಿಂದಲೂ ಮಾಡುವಂತಿರಬೇಕು. ಎಳೆಯುವುದನ್ನು ಪೂರ್ತಿ ತೆಗೆಯಬೇಕೆಂದು ನಾನು ಹೇಳುವುದಿಲ್ಲ. ದೊಡ್ಡ ಪರದೆಯ ಕಂಪ್ಯೂಟರಿನಲ್ಲಿ, ಒಂದೇ ತಾಯಿವರ್ಗದ (ಅಂದರೆ ಮೇಲಿನ ವರ್ಗದ) ಮಕ್ಕಳ, ಎಂದರೆ ಒಳವರ್ಗಗಳ, ಅನುಕ್ರಮ ಬದಲಿಸಲು ಅದು ಇರಲಿ. ತಾಯಿವರ್ಗವನ್ನೇ ಬದಲಿಸಲು ಮಾತ್ರ ಬೇಡ.

ಅದರ ಬದಲು ಪ್ರತಿಯೊಂದು ವರ್ಗಕ್ಕೂ ‘ಸ್ಥಳಾಂತರಿಸು’ ಎಂಬ ಆಯ್ಕೆ ಇರಲಿ. ಅದನ್ನು ಒತ್ತಿದಾಗ ‘ಎಲ್ಲಿಗೆ?’ ಎಂದು ಕೇಳುವ ಹುಡುಕುಪೆಟ್ಟಿಗೆ ತೆರೆದುಕೊಳ್ಳಬೇಕು. ಅಲ್ಲಿ ‘ಸುಣ್ಣ’ ಎಂದು ಬರೆದರೆ ಬರಿಯ ‘ಸುಣ್ಣ’ ಎಂದು ಎರಡು ಸಾಲು ಬಂದರೆ ಸಾಲದು. ಕೊಡಗಿನ ತೋಟದವರಿಗೆ ಹುಳಿಮಣ್ಣು ಸರಿಪಡಿಸುವ ಸುಣ್ಣವೇ ಬೇರೆ, ರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತದ ಜೊತೆ ಬೆರೆಸುವ ಸುಣ್ಣವೇ ಬೇರೆ. ಆದ್ದರಿಂದ ‘ಮಣ್ಣಿನ ಪೋಷಣೆ › ಸುಣ್ಣ’ ಮತ್ತು ‘ಸಸ್ಯ ಸಂರಕ್ಷಣೆ › ಬೋರ್ಡೋ ಸಾಮಗ್ರಿ › ಸುಣ್ಣ’ ಎಂದು ಪೂರ್ಣ ದಾರಿಯೇ ಕಾಣಬೇಕು. ಯಾವ ವರ್ಗವನ್ನು ಸಾಗಿಸುತ್ತಿದ್ದೇವೆಯೋ ಅದೂ ಅದರ ಕೆಳಗಿನ ವರ್ಗಗಳೂ ಈ ಪಟ್ಟಿಯಲ್ಲಿ ಮಸುಕಾಗಿರಬೇಕು, ಏಕೆಂದರೆ ಯಾವ ವರ್ಗವೂ ತನ್ನ ಮಗುವಿನ ಒಳಗೆ ಹೋಗಿ ಕೂರಲಾರದು. ಮಸುಕಾಗಿಸಿದ ಕಾರಣವನ್ನು ಅಲ್ಲೇ ಒಂದು ಸಾಲಿನಲ್ಲಿ ಬರೆಯದಿದ್ದರೆ ‘ಇದೇಕೆ ಒತ್ತಲು ಬರುತ್ತಿಲ್ಲ’ ಎಂದು ನಿಮಗೇ ಕರೆ ಬರುತ್ತದೆ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಮರವನ್ನು ಅಂದವಾಗಿ ತೋರಿಸುವುದಕ್ಕೆ ಎಲ್ಲರೂ ಶ್ರಮಪಡುತ್ತಾರೆ. ಮರವನ್ನು ಬದಲಿಸಿದರೆ ಏನೇನು ಬದಲಾಗುತ್ತದೆ ಎಂಬುದನ್ನು ಮುಂಚಿತವಾಗಿ ತೋರಿಸುವವರು ಕಡಿಮೆ. ಒಪ್ಪಿಗೆ ಕೇಳುವ ಪೆಟ್ಟಿಗೆಯಲ್ಲಿ ‘ಖಚಿತವೇ?’ ಎಂದಷ್ಟೇ ಕೇಳಿದರೆ ಎಲ್ಲರೂ ಯೋಚಿಸದೆ ‘ಹೌದು’ ಒತ್ತುತ್ತಾರೆ, ನಾನೂ ಒತ್ತುತ್ತೇನೆ. ಅದರ ಬದಲು ‘ಶಿಲೀಂಧ್ರನಾಶಕ ಎಂಬ ವರ್ಗ, ಅದರ 4 ಒಳವರ್ಗಗಳು ಮತ್ತು 31 ಸರಕುಗಳು, ಸಸ್ಯ ಸಂರಕ್ಷಣೆಯಿಂದ ಪಂಪಿನ ಬಿಡಿಭಾಗಕ್ಕೆ ಹೋಗುತ್ತವೆ’ ಎಂದು ಬರೆದಿದ್ದರೆ ಆ ದಿನ ಯಾರಾದರೂ ತಡೆಯುತ್ತಿದ್ದರು. ನಿಮ್ಮ ತಂತ್ರಾಂಶದಲ್ಲಿ ತಾಯಿವರ್ಗದ ಯಾವುದಾದರೂ ಗುಣ ಮಕ್ಕಳಿಗೆ ತಾನಾಗಿ ಇಳಿದುಬರುವಂತಿದ್ದರೆ, ಉದಾಹರಣೆಗೆ ಅಳತೆಯ ಮಾನ ಅಥವಾ ದಾಸ್ತಾನು ಎಷ್ಟಕ್ಕೆ ಇಳಿದಾಗ ಎಚ್ಚರಿಸಬೇಕು ಎಂಬ ಮಿತಿ, ಸ್ಥಳಾಂತರದಿಂದ ಅವೂ ಸದ್ದಿಲ್ಲದೆ ಬದಲಾಗುತ್ತವೆ. ಅವನ್ನೂ ಆ ಪೆಟ್ಟಿಗೆಯಲ್ಲೇ ಹೇಳಬೇಕು. ಹೀಗೆ ಇಳಿದುಬಂದ ಗುಣಗಳನ್ನು ವಿವರದ ಪುಟದಲ್ಲಿ ತಿಳಿಬಣ್ಣದಲ್ಲಿ ತೋರಿಸಿ, ‘ಸಸ್ಯ ಸಂರಕ್ಷಣೆಯಿಂದ ಬಂದದ್ದು’ ಎಂದು ಮೂಲವನ್ನು ನಮೂದಿಸುವುದು ಒಳ್ಳೆಯದು. ಜಿಎಸ್‌ಟಿ ದರವನ್ನಂತೂ ವರ್ಗಕ್ಕೆ ಕಟ್ಟಿಹಾಕಬೇಡಿ. ಅದು ಸರಕಿನ ಬಗೆಯನ್ನು ಗುರುತಿಸುವ ಎಚ್‌ಎಸ್‌ಎನ್ ಸಂಖ್ಯೆಯನ್ನು ಅನುಸರಿಸುವಂಥದು. ಯಾರೋ ವರ್ಗ ಬದಲಿಸಿದರೆಂದು ಬಿಲ್ಲಿನ ತೆರಿಗೆ ಬದಲಾಗುವಂತಿರಬಾರದು.

ಬದಲಾವಣೆ ಮುಗಿದ ಮೇಲೆ ಪರದೆಯ ಕೆಳಗೆ ‘ಸ್ಥಳಾಂತರವಾಯಿತು, ಹಿಂದಿನಂತೆ ಮಾಡು’ ಎಂಬ ಪಟ್ಟಿ ಸ್ವಲ್ಪ ಹೊತ್ತು ನಿಲ್ಲಲಿ. ಅದು ಮಾಯವಾದ ಮೇಲೂ, ಯಾವ ದಿನ ಯಾರು ಯಾವ ವರ್ಗವನ್ನು ಎಲ್ಲಿಂದ ಎಲ್ಲಿಗೆ ಒಯ್ದರು ಎಂಬ ದಾಖಲೆ ಒಂದು ಪುಟದಲ್ಲಿ ಉಳಿದಿದ್ದು, ಅಲ್ಲಿಂದಲೇ ಹಿಂದಕ್ಕೆ ತರುವಂತಿರಲಿ. ನಿಮ್ಮ ಮಳಿಗೆಯಲ್ಲಿ ತಪ್ಪು ಗೊತ್ತಾದದ್ದು ಬೆಳೆಗಾರರು ಬಂದು ಕೇಳಿದಾಗ, ಅಂದರೆ ಆ ಪಟ್ಟಿ ಮಾಯವಾದ ಎಷ್ಟೋ ಹೊತ್ತಿನ ನಂತರ. ಇಂತಹ ತಪ್ಪುಗಳೆಲ್ಲ ತಡವಾಗಿಯೇ ಗೊತ್ತಾಗುತ್ತವೆ.

ಅಳಿಸುವುದರ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದಿನ ಪತ್ರ ಅದರದ್ದೇ ಇರುತ್ತದೆಂದು ಊಹಿಸಿ ಬರೆಯುತ್ತೇನೆ. ಮಕ್ಕಳಿರುವ ವರ್ಗವನ್ನು ಅಳಿಸಿದರೆ ಒಳವರ್ಗಗಳು ಒಂದು ಹಂತ ಮೇಲೇರಬೇಕೇ, ಬಳಕೆದಾರರು ತೋರಿಸಿದ ಬೇರೆ ವರ್ಗಕ್ಕೆ ಹೋಗಬೇಕೇ, ಅಥವಾ ಖಾಲಿಯಾಗುವ ತನಕ ಅಳಿಸಲು ಬಿಡಲೇಬಾರದೇ? ಈ ಮೂರರಲ್ಲಿ ಯಾವುದಾದರೂ ಆಗಬಹುದು. ಮಕ್ಕಳೂ ಸರಕುಗಳೂ ಜೊತೆಗೇ ಅಳಿದುಹೋಗುವ ನಾಲ್ಕನೆಯ ದಾರಿ ಮಾತ್ರ ಆಗದು. ಸಂಘದ ಮಳಿಗೆಗೆ ನನ್ನ ಸಲಹೆ, ‘ಅಳಿಸು’ ಎಂಬುದನ್ನು ಒಮ್ಮೆಯೂ ಬಳಸದ ಖಾಲಿ ವರ್ಗಗಳಿಗೆ ಸೀಮಿತಗೊಳಿಸಿ, ಉಳಿದವಕ್ಕೆ ‘ಬಳಕೆಯಿಂದ ತೆಗೆ’ ಎಂಬ ಆಯ್ಕೆ ಕೊಡಿ. ಆಗ ಹೊಸ ಸರಕು ಸೇರಿಸುವಾಗ ಆ ವರ್ಗ ಕಾಣುವುದಿಲ್ಲ, ಕಳೆದ ವರ್ಷದ ಬಿಲ್ಲು ತೆರೆದರೆ ಕಾಣುತ್ತದೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕವನ್ನು ಲೆಕ್ಕಪರಿಶೋಧಕರು ಕೇಳುವ ಹೊತ್ತಿಗೆ ಮರದ ಆಕಾರ ಬದಲಾಗಿರುತ್ತದೆ. ಮಾರಾಟವಾದ ದಿನ ಸರಕು ಯಾವ ವರ್ಗದಲ್ಲಿತ್ತು ಎಂಬುದನ್ನು ಬಿಲ್ಲಿನ ಜೊತೆಗೇ ಬರೆದಿಟ್ಟುಕೊಂಡರೆ ಹಳೆಯ ವರದಿ ಹಳೆಯದಾಗಿಯೇ ಉಳಿಯುತ್ತದೆ.

ಎರಡು ವರ್ಗಗಳನ್ನು ಒಂದಾಗಿಸುವ ಆಯ್ಕೆಯೂ ಬೇಕು. ಒಬ್ಬರು ‘ಕರಿಮೆಣಸು ಬಳ್ಳಿ’ ಎಂದೂ ಇನ್ನೊಬ್ಬರು ‘ಕಾಳುಮೆಣಸು ಬಳ್ಳಿ’ ಎಂದೂ ವರ್ಗ ತೆರೆಯುವುದು ಖಂಡಿತ. ಒಂದಾಗಿಸಿದ ಮೇಲೆ ಬಿಟ್ಟ ಹೆಸರನ್ನು ಎಸೆಯದೆ ಹುಡುಕಾಟಕ್ಕೆ ಉಳಿಸಿಕೊಂಡರೆ, ‘ಒಳ್ಳೆಮೆಣಸು’ ಎಂದು ಹುಡುಕುವವರಿಗಾಗಿ ಅದನ್ನೂ ಅಲ್ಲೇ ಸೇರಿಸಬಹುದು.

ಕೊನೆಯದಾಗಿ ಫೋನಿನ ಪರದೆ. ಪ್ರತಿ ಹಂತಕ್ಕೂ 24 ಪಿಕ್ಸೆಲ್ ಒಳಸರಿಸಿದರೆ ಆರು ಹಂತಕ್ಕೆ 144 ಪಿಕ್ಸೆಲ್ ಖಾಲಿ ಜಾಗಕ್ಕೇ ಹೋಗುತ್ತದೆ. 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಅದು ಐದರಲ್ಲಿ ಎರಡು ಪಾಲು. ಉಳಿದ ಜಾಗದಲ್ಲಿ ‘ಸೂಕ್ಷ್ಮ ಪೋಷಕಾಂಶಗಳು’ ಎಂಬ ಹೆಸರೂ, ಸಂಖ್ಯೆಯೂ, ಗುಂಡಿಯೂ ಹಿಡಿಸುವುದಿಲ್ಲ. ಫೋನಿನಲ್ಲಿ ಒಮ್ಮೆಗೆ ಒಂದೇ ಹಂತವನ್ನು ತೋರಿಸಿ, ಬಂದ ದಾರಿಯನ್ನು ಮೇಲೆ ಒಂದು ಸಾಲಿನಲ್ಲಿಟ್ಟು, ಅದರ ಯಾವ ಹೆಸರನ್ನು ಮುಟ್ಟಿದರೂ ಆ ಹಂತಕ್ಕೆ ಮರಳುವಂತೆ ಮಾಡಿ. ಕಂಪ್ಯೂಟರಿನಲ್ಲಿ ಎಡಕ್ಕೆ ಮರ, ಬಲಕ್ಕೆ ಆಯ್ದ ವರ್ಗದ ವಿವರ ಇರಲಿ. ಮ್ಯಾಕ್ ಕಂಪ್ಯೂಟರಿನಲ್ಲಿ ಕಡತಗಳನ್ನು ನೋಡುವ ಫೈಂಡರ್‌ನಲ್ಲಿರುವಂತೆ ಹಂತಕ್ಕೊಂದು ಕಂಬಸಾಲು ಬಲಕ್ಕೆ ತೆರೆಯುತ್ತ ಹೋಗುವ ಬಗೆಯೂ ಇದೆ. ಅದು ಹಳೆಯ ನೆಕ್ಸ್ಟ್ ಕಂಪ್ಯೂಟರುಗಳಿಂದ ಬಂದದ್ದು. ಆಳವಾದ ಮರಕ್ಕೆ ಅದು ಹೊಂದುತ್ತದೆ, ಕಿರಿದಾದ ಪರದೆಗೆ ಹೊಂದುವುದಿಲ್ಲ. ವರ್ಗದ ಹೆಸರಿನ ಪಕ್ಕ ಸಂಖ್ಯೆ ತೋರಿಸುವುದಾದರೆ ಅದು ಆ ವರ್ಗದಲ್ಲೇ ಇರುವ ಸರಕುಗಳದ್ದೋ, ಒಳವರ್ಗಗಳನ್ನೂ ಕೂಡಿಸಿದ್ದೋ ಎಂಬುದು ಸ್ಪಷ್ಟವಿರಬೇಕು. ‘0’ ಎಂದು ಕಂಡ ವರ್ಗವನ್ನು ಖಾಲಿಯೆಂದು ತಿಳಿದು ತೆಗೆದುಹಾಕಿದರೆ ಅದರ ಕೆಳಗಿನ ಮೂರು ಹಂತಗಳೂ ಹೋದಂತೆ.

ಪ್ರಶ್ನೆ: ನಮ್ಮ ಶಾಲೆಯ ಗ್ರಂಥಾಲಯದ ಪುಸ್ತಕಗಳಿಗೆ ಕಂಪ್ಯೂಟರ್ ಪಟ್ಟಿ ಮಾಡುತ್ತಿದ್ದೇವೆ. ಮೊದಲು ಭಾಷೆ, ಅದರೊಳಗೆ ಪ್ರಕಾರ, ಅದರೊಳಗೆ ವಯೋಮಾನ ಎಂದು ವರ್ಗಗಳನ್ನು ಮಾಡಿದ್ದೇವೆ. ವರ್ಗಗಳ ಸಂಖ್ಯೆ ಬೆಳೆಯುತ್ತಲೇ ಇದ್ದು, ನಿಭಾಯಿಸಲು ಆಗುತ್ತಿಲ್ಲ. ಎಷ್ಟು ಹಂತದವರೆಗೆ ಇಳಿಯುವುದು ಸರಿ?
(ಶಿಕ್ಷಕಿಯೊಬ್ಬರು, ಸೋಮವಾರಪೇಟೆ)

ಉತ್ತರ: ಹಂತಗಳಿಗೆ ಇಷ್ಟೇ ಎಂಬ ಮಿತಿಯನ್ನು ನಾನು ಹೇಳಲಾರೆ. ಒಂದು ಪರೀಕ್ಷೆಯನ್ನು ಮಾತ್ರ ಹೇಳಬಲ್ಲೆ: ಬೇರೆ ಬೇರೆ ತಾಯಿವರ್ಗಗಳ ಕೆಳಗೆ ಅದೇ ಮಕ್ಕಳ ಹೆಸರುಗಳು ಮತ್ತೆ ಮತ್ತೆ ಬರುತ್ತಿದ್ದರೆ, ಅದು ಮರವಾಗಬೇಕಾದ ವಿಷಯವೇ ಅಲ್ಲ. ಕನ್ನಡ, ಕೊಡವ, ಇಂಗ್ಲಿಷ್, ಹಿಂದಿ ಎಂದು ನಾಲ್ಕು ಭಾಷೆ. ಕಾದಂಬರಿ, ಕಥೆ, ಕವಿತೆ, ನಾಟಕ, ಪ್ರಬಂಧ ಎಂದು ಐದು ಪ್ರಕಾರ. ಕಿರಿಯರು, ಮಧ್ಯಮ ತರಗತಿಯವರು, ಹಿರಿಯರು ಎಂದು ಮೂರು ವಯೋಮಾನ ಇಟ್ಟುಕೊಳ್ಳಿ. ಮರದಲ್ಲಿ ತುದಿಯ ವರ್ಗಗಳೇ 60 ಆಗುತ್ತವೆ. ನಾಳೆ ಅರೆಭಾಷೆಯ ಪುಸ್ತಕಗಳು ಬಂದರೆ ಇನ್ನೂ 15. ಅವನ್ನೇ ಮೂರು ಪ್ರತ್ಯೇಕ ಗುಣಗಳಾಗಿ ಇಟ್ಟುಕೊಂಡರೆ ಒಟ್ಟು 12 ಆಯ್ಕೆಗಳು ಸಾಕು. ಅರೆಭಾಷೆ ಬಂದ ದಿನ 13 ಆಗುತ್ತದೆ. ಪರದೆಯ ಮೇಲೆ ಮೂರು ಆಯ್ಕೆಪಟ್ಟಿಗಳಿದ್ದು, ಯಾವುದನ್ನು ಮೊದಲು ಆರಿಸಿದರೂ ಉತ್ತರ ಒಂದೇ ಆಗಿರುತ್ತದೆ. ಮರದಲ್ಲಾದರೋ, ‘ಎಲ್ಲ ಭಾಷೆಯ ನಾಟಕಗಳನ್ನು ಕೊಡಿ’ ಎಂದು ಒಬ್ಬ ಹುಡುಗ ಕೇಳಿದರೆ ನೀವು ನಾಲ್ಕು ಕೊಂಬೆಗಳನ್ನೂ ಹತ್ತಿ ಇಳಿಯಬೇಕು.

ಗ್ರಂಥಾಲಯದವರು ಈ ದಾರಿಯನ್ನು ಕಂಪ್ಯೂಟರಿಗಿಂತ ಮೊದಲೇ ಕಂಡುಕೊಂಡಿದ್ದರು ಎಂಬುದನ್ನು ತಂತ್ರಾಂಶ ಬರೆಯುವವರು ಮರೆಯುತ್ತಾರೆ. ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿ, ಜ್ಞಾನವನ್ನೆಲ್ಲ ಹತ್ತು ಮುಖ್ಯ ವರ್ಗಗಳಾಗಿಯೂ ಅವುಗಳಲ್ಲಿ ಒಂದೊಂದನ್ನು ಮತ್ತೆ ಹತ್ತಾಗಿಯೂ ಒಡೆಯುತ್ತ ಹೋಗುವ ಮರ. ನಮ್ಮ ದೇಶದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಹೊರತಂದ ಕೋಲನ್ ಪದ್ಧತಿ ಬೇರೆ ದಾರಿ ಹಿಡಿಯಿತು: ಒಂದು ಪುಸ್ತಕದ ವಿಷಯವನ್ನು ಅದರ ಮುಖಗಳಾಗಿ ಬಿಡಿಸಿ, ಬೇಕಾದಂತೆ ಜೋಡಿಸಿ ಸಂಖ್ಯೆ ಕೊಡುವುದು. ಆ ಮುಖಗಳನ್ನು ಅವರು ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲಗಳಿಗೆ ತಂದರು. ಅವರೇ 1962ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇಂದಿಗೂ ಇದೆ. ಅಂಗಡಿಗಳ ಜಾಲತಾಣಗಳಲ್ಲಿ ಎಡಬದಿಗೆ ಕಾಣುವ ‘ಬಣ್ಣ’, ‘ಬೆಲೆ’, ‘ಅಳತೆ’ ಎಂಬ ಸೋಸುಪಟ್ಟಿಗಳಲ್ಲಿ ಇದೇ ಆಲೋಚನೆಯಿದೆ.

ಹಾಗೆಂದು ಮರವನ್ನು ಪೂರ್ತಿ ಬಿಡಬೇಕಾಗಿಲ್ಲ. ವಿಷಯಗಳು ನಿಜವಾಗಿಯೇ ಒಂದರೊಳಗೊಂದು ಇರುವಲ್ಲಿ, ಉದಾಹರಣೆಗೆ ವಿಜ್ಞಾನ, ಅದರೊಳಗೆ ಸಸ್ಯಶಾಸ್ತ್ರ, ಅದರೊಳಗೆ ಕಾಫಿ ಕೃಷಿಯ ರೋಗಗಳು ಎಂಬಲ್ಲಿ, ಮರವೇ ಸರಿ.

ಪ್ರಶ್ನೆ: ವರ್ಗಗಳ ಮರವನ್ನು ಡೇಟಾಬೇಸಿನಲ್ಲಿ ಇಡಲು ನಾಲ್ಕಾರು ವಿಧಾನಗಳನ್ನು ಓದಿದೆ. ಯಾವುದು ಉತ್ತಮ?
(ಎಂಜಿನಿಯರಿಂಗ್ ವಿದ್ಯಾರ್ಥಿ, ಪೊನ್ನಂಪೇಟೆ)

ಉತ್ತರ: ಪ್ರತಿ ಸಾಲಿನಲ್ಲಿ ತಾಯಿವರ್ಗದ ಗುರುತುಸಂಖ್ಯೆಯನ್ನು ಬರೆದಿಡುವ ಸರಳ ವಿಧಾನದಿಂದಲೇ ಆರಂಭಿಸಿ. ಹಿಂದೆ ಇದರ ದೊಡ್ಡ ತೊಂದರೆ ಎಂದರೆ ಒಂದು ವರ್ಗದ ಕೆಳಗಿನ ಎಲ್ಲವನ್ನೂ ಒಂದೇ ಪ್ರಶ್ನೆಯಲ್ಲಿ ಕೇಳಲು ಬಹಳಷ್ಟು ಡೇಟಾಬೇಸುಗಳಲ್ಲಿ ಆಗುತ್ತಿರಲಿಲ್ಲ. ಪ್ರತಿ ವರ್ಗಕ್ಕೂ ಎಡ–ಬಲ ಎಂದು ಎರಡು ಸಂಖ್ಯೆ ಕೊಟ್ಟು, ಅವುಗಳ ನಡುವೆ ಬರುವ ಸಂಖ್ಯೆಗಳವೆಲ್ಲ ಅದರ ಒಳವರ್ಗಗಳು ಎಂದು ಗುರುತಿಸುವ ವಿಧಾನ (ನೆಸ್ಟೆಡ್ ಸೆಟ್) ಅದಕ್ಕಾಗಿಯೇ ಜನಪ್ರಿಯವಾಯಿತು. ಓದುವುದು ಅದರಲ್ಲಿ ಬೇಗ, ಆದರೆ ಒಂದು ವರ್ಗವನ್ನು ಸಾಗಿಸಿದರೆ ಎಷ್ಟೋ ಸಾಲುಗಳ ಸಂಖ್ಯೆಗಳನ್ನು ಮತ್ತೆ ಬರೆಯಬೇಕು. ತನ್ನನ್ನೇ ಮತ್ತೆ ಕರೆದುಕೊಂಡು ಕೆಳಗಿನ ಎಲ್ಲ ಹಂತಗಳನ್ನೂ ಒಮ್ಮೆಗೇ ತರುವ ಪ್ರಶ್ನೆಗಳನ್ನು, ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ನ ಮಾನಕ 1999ರಲ್ಲೇ ಸೇರಿಸಿಕೊಂಡಿತು. ಡೇಟಾಬೇಸುಗಳ ಪೈಕಿ ಪೋಸ್ಟ್‌ಗ್ರೆಸ್‌ಗೆ 2009ರ 8.4ನೆಯ ಆವೃತ್ತಿಯಲ್ಲಿ, ಎಸ್‌ಕ್ಯೂಲೈಟ್‌ಗೆ 2014ರಲ್ಲಿ, ಮೈಎಸ್‌ಕ್ಯೂಎಲ್‌ಗೆ 2018ರ 8.0ರಲ್ಲಿ ಅದು ಬಂತು. ಹೀಗಿರುವಾಗ ಕೆಲವು ಸಾವಿರ ವರ್ಗಗಳಿಗೆ ಸರಳ ವಿಧಾನ ಧಾರಾಳವಾಗಿ ಸಾಕು.

ವಿಧಾನ ಯಾವುದೇ ಇರಲಿ, ವರ್ಗ ತನ್ನ ಮಗುವಿನೊಳಗೆ ಹೋಗದಂತೆ ತಡೆಯುವ ಪರೀಕ್ಷೆಯನ್ನು ಪರದೆಯ ಮೇಲೆ ಮಾತ್ರ ಮಾಡಿ ಸುಮ್ಮನಾಗಬೇಡಿ. ಮಡಿಕೇರಿಯಲ್ಲಿ ಕುಳಿತವರು ‘ಗೊಬ್ಬರ’ವನ್ನು ‘ಸಾವಯವ’ದೊಳಗೆ ಹಾಕುವ ಗಳಿಗೆಯಲ್ಲೇ ವಿರಾಜಪೇಟೆಯವರು ‘ಸಾವಯವ’ವನ್ನು ‘ಗೊಬ್ಬರ’ದೊಳಗೆ ಹಾಕಿದರೆ, ಇಬ್ಬರ ಪರದೆಯ ಮಟ್ಟಿಗೂ ಅದು ಸರಿಯಾದ ಕೆಲಸವೇ, ಎರಡೂ ಜಾರಿಯಾದರೆ ಎರಡೂ ವರ್ಗಗಳು ಒಂದನ್ನೊಂದು ಹಿಡಿದುಕೊಂಡು ಮರದಿಂದಲೇ ಕಳಚಿಹೋಗುತ್ತವೆ. ಆದ್ದರಿಂದ ಸ್ಥಳಾಂತರದ ವಹಿವಾಟಿಗೆ ಬೀಗ ಹಾಕಿ, ಒಂದು ಮುಗಿದ ಮೇಲೆಯೇ ಇನ್ನೊಂದನ್ನು ಸರ್ವರಿನಲ್ಲಿ ಪರೀಕ್ಷಿಸಬೇಕು. ಸೋತವರಿಗೆ ‘ದೋಷ ಉಂಟಾಗಿದೆ’ ಎಂದು ಹೇಳದೆ, ಈ ನಡುವೆ ಏನು ಬದಲಾಯಿತು ಎಂಬುದನ್ನು ತೋರಿಸಿ.

ಪ್ರಶ್ನೆ: ನಮ್ಮ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲವಾದರೆ ಇಲ್ಲ. ಒಂದೊಂದು ವರ್ಗ ತೆರೆದಾಗಲೂ ಅದರ ಮಕ್ಕಳನ್ನು ಸರ್ವರಿನಿಂದ ತರಿಸುವುದು ಮೇಲೋ, ಎಲ್ಲವನ್ನೂ ಒಮ್ಮೆಗೇ ತರಿಸುವುದು ಮೇಲೋ?
(ಓದುಗರೊಬ್ಬರು, ನಾಪೋಕ್ಲು)

ಉತ್ತರ: ಒಮ್ಮೆಗೇ ತರಿಸಿ. ಯೂನಿಕೋಡಿನ ಸಾಮಾನ್ಯ ಶೇಖರಣೆಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು ಎಂದುಕೊಂಡರೂ, ಒಂದು ವರ್ಗದ ಹೆಸರು, ಗುರುತುಸಂಖ್ಯೆ ಎಲ್ಲ ಸೇರಿ ನೂರಿನ್ನೂರು ಬೈಟ್ ದಾಟುವುದು ಅಪರೂಪ. ಐನೂರು ವರ್ಗಗಳ ಮರವೆಲ್ಲ ಸೇರಿ ಒಂದು ಸಾಧಾರಣ ಚಿತ್ರದಷ್ಟೂ ಆಗುವುದಿಲ್ಲ. ಅದನ್ನು ಫೋನಿನಲ್ಲೇ ಉಳಿಸಿಕೊಂಡರೆ ಸಂಪರ್ಕ ಇಲ್ಲದಾಗಲೂ ಹುಡುಕಾಟ ನಡೆಯುತ್ತದೆ. ಹುಡುಕಿದಾಗ ಸಿಕ್ಕ ವರ್ಗಗಳ ಜೊತೆ ಅವುಗಳ ತಾಯಿವರ್ಗಗಳನ್ನೂ ತೋರಿಸಬೇಕು, ಮತ್ತು ಹುಡುಕಾಟ ಅಳಿಸಿದ ಕೂಡಲೇ ಮರ ಮೊದಲು ಎಷ್ಟು ತೆರೆದಿತ್ತೋ ಅಷ್ಟಕ್ಕೇ ಮರಳಬೇಕು. ಸಂಪರ್ಕವಿಲ್ಲದಾಗ ಸ್ಥಳಾಂತರಕ್ಕೆ ಮಾತ್ರ ಅವಕಾಶ ಬೇಡ. ಕಾರಣ ಪೊನ್ನಂಪೇಟೆಯವರಿಗೆ ಕೊಟ್ಟ ಉತ್ತರದಲ್ಲಿದೆ.

ಪ್ರಶ್ನೆ: ವರ್ಗಗಳ ಹೆಸರು ಕನ್ನಡದಲ್ಲಿದ್ದರೆ ಅಕಾರಾದಿಯಾಗಿ ಜೋಡಿಸುವಾಗ, ಹುಡುಕುವಾಗ ವಿಶೇಷವಾಗಿ ಏನನ್ನು ಗಮನಿಸಬೇಕು? ‘ಗೊಬ್ಬರ’ ಎಂಬ ಒಂದೇ ಹೆಸರು ನಮ್ಮ ಪಟ್ಟಿಯಲ್ಲಿ ಎರಡು ಬಾರಿ ಸೇರಿಕೊಂಡಿದ್ದು, ತಂತ್ರಾಂಶ ಅದನ್ನು ತಡೆಯಲಿಲ್ಲ.
(ಓದುಗರೊಬ್ಬರು, ಕುಶಾಲನಗರ)

ಉತ್ತರ: ಕಣ್ಣಿಗೆ ಒಂದೇ ಆಗಿ ಕಾಣುವ ‘ಗೊ’ ಯೂನಿಕೋಡಿನಲ್ಲಿ ಎರಡು ರೀತಿ ಇರಬಹುದು. ಒಕಾರದ ಚಿಹ್ನೆಗೆ ತನ್ನದೇ ಒಂದು ಸಂಕೇತವಿದೆ. ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎರಡನ್ನೂ ಸೇರಿಸಿ ಬರೆದರೂ ಅದೇ ರೂಪ ಮೂಡುತ್ತದೆ. ಕಂಪ್ಯೂಟರಿಗೆ ಅವು ಎರಡು ಬೇರೆ ಹೆಸರುಗಳು. ಉಳಿಸುವ ಮುನ್ನ ಎಲ್ಲ ಹೆಸರುಗಳನ್ನೂ ಎನ್‌ಎಫ್‌ಸಿ ಎಂಬ ಸಾಮಾನ್ಯ ರೂಪಕ್ಕೆ ತಂದರೆ ಈ ತೊಂದರೆ ಹೋಗುತ್ತದೆ. ಹೆಸರಿನ ತುದಿಯಲ್ಲಿ ಉಳಿದ ಖಾಲಿ ಜಾಗವನ್ನೂ, ಒತ್ತಕ್ಷರ ತಡೆಯಲು ಬಳಸುವ ಕಾಣದ ಸಂಕೇತವನ್ನೂ ಅಲ್ಲೇ ತೆಗೆದುಹಾಕಿ. ನಡುವೆ ಬರುವ ಕಾಣದ ಸಂಕೇತವನ್ನು ಹೆಸರಿನಲ್ಲಿ ಇರಗೊಟ್ಟು, ಹೋಲಿಸುವಾಗ ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಇಲ್ಲವಾದರೆ ‘ಪಾರ್ಚ್‌ಮೆಂಟ್’ ಎಂಬುದರ ರೂಪವೇ ಕೆಡುತ್ತದೆ.

ಜೋಡಣೆಗೆ ಬ್ರೌಸರಿನಲ್ಲೇ ಇರುವ ಕನ್ನಡದ ಹೋಲಿಕೆ ಸೌಲಭ್ಯವನ್ನು ಬಳಸಿ, ಅದರಲ್ಲಿ ಅಂಕಿಗಳನ್ನು ಇಡೀ ಸಂಖ್ಯೆಯಾಗಿ ಓದುವ ಆಯ್ಕೆಯನ್ನು ತೆರೆದಿಡಿ. ಹಾಗೆ ಮಾಡದಿದ್ದರೆ ‘10 ಲೀಟರ್ ಕ್ಯಾನು’ ‘2 ಲೀಟರ್ ಕ್ಯಾನಿ’ಗಿಂತ ಮೊದಲು ಬಂದು ನಿಲ್ಲುತ್ತದೆ. ಆದರೆ ಎಲ್ಲವನ್ನೂ ಅಕಾರಾದಿಗೆ ಒಪ್ಪಿಸಲೂ ಆಗದು. ಕಾಫಿಯ ದರ್ಜೆಗಳನ್ನು ವ್ಯಾಪಾರದವರು ಕಾಳಿನ ಗಾತ್ರದ ಅನುಕ್ರಮದಲ್ಲಿ ನೋಡಿ ರೂಢಿಯಾದವರು. ‘ಎಎ’ ದರ್ಜೆ ಅವರಿಗೆ ‘ಎ’ಗಿಂತ ಮೇಲೆ ಇರಬೇಕು, ಅಕಾರಾದಿ ಅದನ್ನು ಕೆಳಗಿಡುತ್ತದೆ. ಆದ್ದರಿಂದ ಪ್ರತಿ ತಾಯಿವರ್ಗಕ್ಕೂ ‘ಅಕಾರಾದಿ’ ಅಥವಾ ‘ನಾವು ಇಟ್ಟ ಕ್ರಮ’ ಎಂಬ ಎರಡು ಆಯ್ಕೆಗಳಿರಲಿ, ಎರಡನೆಯದಕ್ಕೆ ಮೇಲೆ, ಕೆಳಗೆ ಸರಿಸುವ ಗುಂಡಿಗಳಿರಲಿ. ಸಾಲಿನ ಎತ್ತರವನ್ನು ಇಂಗ್ಲಿಷಿಗೆ ಅಳೆದು ನಿಗದಿಪಡಿಸಿದ್ದರೆ ಸ್ವಲ್ಪ ಹೆಚ್ಚಿಸಿ; ‘ಶಿಲೀಂಧ್ರ’ದ ಒತ್ತು ಕತ್ತರಿಸಿಹೋದ ಪರದೆಗಳು ಈಗಲೂ ಕಣ್ಣಿಗೆ ಬೀಳುತ್ತಲೇ ಇವೆ.